ಹೆಚ್ಚುಕಡಿಮೆಯ ಲೆಕ್ಕ ಕಲಿಯುವವರು

1970ರ ದಶಕದ ಆರಂಭದಲ್ಲಿ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಪುಟ್ಟ ಉಗಿಯಂತ್ರವಿತ್ತು. ಬಾಯ್ಲರಿನ ಒತ್ತಡ ಏರುಪೇರಾಗಬಾರದು, ಎಂಜಿನ್ನಿನ ವೇಗ ತಪ್ಪಬಾರದು, ಎರಡನ್ನೂ ಕಂಪ್ಯೂಟರೇ ನೋಡಿಕೊಳ್ಳಬೇಕು. ಸೆದ್ರಾಕ್ ಅಸ್ಸಿಲಿಯನ್ ಎಂಬ ಸಂಶೋಧನಾ ವಿದ್ಯಾರ್ಥಿಯ ಪಾಲಿಗೆ ಬಂದ ಕೆಲಸವಿದು. ಗೈಡ್ ಆಗಿದ್ದವರು ಇಬ್ರಾಹಿಂ ಮಮ್ದಾನಿ. ತಾಂಜಾನಿಯಾದಲ್ಲಿ ಹುಟ್ಟಿ, ಭಾರತದಲ್ಲಿ ಓದಿ, ಇಂಗ್ಲೆಂಡಿನಲ್ಲಿ ನೆಲೆನಿಂತವರು. ಉಗಿಯಂತ್ರದ ನಡವಳಿಕೆಯನ್ನು ಸಮೀಕರಣದಲ್ಲಿ ಹಿಡಿಯುವುದು ಕಷ್ಟ. ಕಾವು ಹೆಚ್ಚಿಸಿದ ಕೂಡಲೇ ಒತ್ತಡ ಏರುವುದಿಲ್ಲ, ಏರತೊಡಗಿದ ಮೇಲೆ ಹೇಳಿದಾಗ ನಿಲ್ಲುವುದೂ ಇಲ್ಲ. ಆದರೆ ಅದನ್ನು ನಡೆಸಿ ಕೈ ಪಳಗಿದವನಿಗೆ ಸಮೀಕರಣದ ಹಂಗಿಲ್ಲ. ‘ಒತ್ತಡ ತುಸು ಕಡಿಮೆಯಿದೆ, ಇನ್ನೂ ಇಳಿಯುತ್ತಿದೆ, ಹಾಗಾದರೆ ಕಾವು ಚೆನ್ನಾಗಿ ಏರಿಸು’ ಎಂಬಂಥ ಮಾತುಗಳಲ್ಲೇ ಅವನ ವಿದ್ಯೆಯೆಲ್ಲ ಅಡಗಿರುತ್ತದೆ. ಗುರು-ಶಿಷ್ಯರು ಇಂಥ ಮಾತುಗಳನ್ನೇ ನಿಯಮಗಳಾಗಿ ಕಂಪ್ಯೂಟರಿಗೆ ಕೊಟ್ಟರು. ಯಂತ್ರ ಹದಕ್ಕೆ ಬಂತು.

1975ರಲ್ಲಿ ಅವರಿಬ್ಬರೂ ಪ್ರಕಟಿಸಿದ ಆ ಪ್ರಯೋಗದ ವಿವರ ಇವತ್ತು ಎಂ.ಟೆಕ್. ತರಗತಿಯ ಪಾಠ. ‘ಸಾಫ್ಟ್ ಕಂಪ್ಯೂಟಿಂಗ್’ ಎಂಬ ಹೆಸರಿನಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಸೇರಿದಂತೆ ದೇಶದ ಅನೇಕ ಕಡೆ ಕಲಿಸುವ ವಿಷಯವಿದು. ಫಜ್ಜಿ ಲಾಜಿಕ್, ನ್ಯೂರಲ್ ನೆಟ್‌ವರ್ಕ್, ಜೆನೆಟಿಕ್ ಆಲ್ಗಾರಿದಮ್ ಮೂರೂ ಒಂದೇ ಸೆಮಿಸ್ಟರಿನಲ್ಲಿ ಬಂದು ಹೋಗುತ್ತವೆ. ಕೃತಕ ಬುದ್ಧಿಮತ್ತೆ ಎಂದರೆ ಚಾಟ್‌ಬಾಟ್ ಎಂದೇ ಆಗಿಹೋಗಿರುವ ಈ ಹೊತ್ತಿನಲ್ಲಿ ಇದು ಹಳೆಯ ಸರಕು ಎಂದು ಮೂಗು ಮುರಿಯುವವರಿದ್ದಾರೆ. ಸರಕು ಹಳೆಯದಲ್ಲ, ಅದನ್ನು ಕಲಿಸುವ ಕ್ರಮ ಹಳೆಯದಾಗಿದೆ.

ಮಮ್ದಾನಿಯವರಿಗೆ ‘ತುಸು’, ‘ಚೆನ್ನಾಗಿ’ ಎಂಬ ಪದಗಳನ್ನು ಗಣಿತವಾಗಿಸುವ ದಾರಿ ತೋರಿಸಿದವರು ಅಮೆರಿಕದ ಬರ್ಕ್ಲಿಯಲ್ಲಿದ್ದ ಲೊತ್ಫಿ ಜಾದೆ. 1921ರಲ್ಲಿ ಬಾಕುವಿನಲ್ಲಿ ಹುಟ್ಟಿ, ತೆಹರಾನಿನಲ್ಲಿ ಬೆಳೆದ ಜಾದೆ ನಿಯಂತ್ರಣ ಸಿದ್ಧಾಂತದಲ್ಲಿ ದೊಡ್ಡ ಹೆಸರು, ಕಟ್ಟುನಿಟ್ಟಿನ ಗಣಿತದಲ್ಲೇ ಪಳಗಿದವರು. ಅವರೇ 1965ರಲ್ಲಿ ‘ಫಜ್ಜಿ ಸೆಟ್ಸ್’ ಎಂಬ ಪ್ರಬಂಧ ಬರೆದು ಆ ಕಟ್ಟುನಿಟ್ಟನ್ನು ಸಡಿಲಿಸಿದರು. ಸೆಕೆ ಎಂದರೆ ಎಷ್ಟು ಡಿಗ್ರಿ? 30ಕ್ಕೆ ಗೆರೆ ಎಳೆದರೆ 29.9 ಡಿಗ್ರಿ ಸೆಕೆಯಲ್ಲ, 30.1 ಸೆಕೆ. ಬೆವರುವ ಮೈಗೆ ಈ ಗೆರೆ ಗೊತ್ತಿಲ್ಲ. ಜಾದೆಯವರ ಲೆಕ್ಕದಲ್ಲಿ ಗೆರೆಯ ಬದಲು ಇಳಿಜಾರಿದೆ. 24 ಡಿಗ್ರಿಗೆ ಸೆಕೆಯ ಪ್ರಮಾಣ 0 ಎಂದೂ 34ಕ್ಕೆ 1 ಎಂದೂ ಇಟ್ಟುಕೊಂಡರೆ, 29 ಡಿಗ್ರಿಯ ಮಧ್ಯಾಹ್ನಕ್ಕೆ 0.5 ಸೆಕೆ.

ಈ 0.5 ಅನ್ನು ಸಂಭವನೀಯತೆ ಎಂದು ತಿಳಿಯುವುದು ಇಂಟರ್ನಲ್ಸ್ ಪರೀಕ್ಷೆಯಲ್ಲಿ ಮೊದಲು ಕಾಣುವ ತಪ್ಪು. ನಾಳೆ ಮಳೆ ಬರುವ ಸಂಭವ ಶೇ 50 ಎಂದರೆ, ನಾಳೆ ಸಂಜೆಯ ಹೊತ್ತಿಗೆ ಆ ಪ್ರಶ್ನೆ ತೀರಿಹೋಗುತ್ತದೆ. ಈಗ ಹೊರಗೆ ಬೀಳುತ್ತಿರುವುದು ತುಂತುರೋ ಸೋನೆಯೋ ಎಂಬ ಪ್ರಶ್ನೆ ಮಾತ್ರ ಅಂಗಳಕ್ಕಿಳಿದು ನೆನೆದರೂ ತೀರುವುದಿಲ್ಲ. ಮೊದಲನೆಯದು ತಿಳಿಯದಿರುವುದರ ಅಳತೆ, ಎರಡನೆಯದು ತಿಳಿದ ಮೇಲೂ ಉಳಿಯುವ ಅಸ್ಪಷ್ಟತೆಯ ಅಳತೆ.

ಜಾದೆಯವರ ಈ ವಿಚಾರಕ್ಕೆ ವಿರೋಧವೇನೂ ಕಡಿಮೆಯಿರಲಿಲ್ಲ. ಇಂದಿಗೂ ಬಾಹ್ಯಾಕಾಶ ಯಾನಗಳಲ್ಲಿ ಬಳಕೆಯಾಗುವ ಕಾಲ್ಮನ್ ಫಿಲ್ಟರಿನ ಜನಕ ರುಡಾಲ್ಫ್ ಕಾಲ್ಮನ್ 1972ರಲ್ಲಿ ಇದನ್ನು ವಿಜ್ಞಾನದ ಶಿಸ್ತು ಸಡಿಲಗೊಂಡ ಲಕ್ಷಣವೆಂದೇ ಜರೆದರು. ಬರ್ಕ್ಲಿಯಲ್ಲಿ ಜಾದೆಯವರ ಸಹೋದ್ಯೋಗಿಯಾಗಿದ್ದ ವಿಲಿಯಂ ಕಹಾನ್ ಅದನ್ನು ಕೊಕೇನಿಗೆ ಹೋಲಿಸಿದರು. ಅಮೆರಿಕ ಹಿಂದೆಮುಂದೆ ನೋಡುತ್ತಿರುವಾಗ ಜಪಾನ್ ಮುಂದೆ ಬಂತು. 1987ರ ಜುಲೈಯಲ್ಲಿ ಸೆಂಡೈ ನಗರದ ಸುರಂಗ ರೈಲು ಶುರುವಾದಾಗ ಅದರ ವೇಗ ಮತ್ತು ಬ್ರೇಕನ್ನು ನೋಡಿಕೊಂಡದ್ದು ಹಿಟಾಚಿ ಕಂಪನಿಯ ಫಜ್ಜಿ ನಿಯಂತ್ರಕ. ನಿಲ್ದಾಣದಲ್ಲಿ ರೈಲು ಜಗ್ಗದೆ ನಿಲ್ಲುತ್ತಿತ್ತು, ಹಿಡಿದುಕೊಳ್ಳದೆ ನಿಂತ ಪ್ರಯಾಣಿಕರು ಮುಗ್ಗರಿಸುತ್ತಿರಲಿಲ್ಲ. ಮೂರೇ ವರ್ಷದಲ್ಲಿ ಅಲ್ಲಿ ಫಜ್ಜಿ ವಾಷಿಂಗ್ ಮಷೀನು ಅಂಗಡಿಗೆ ಬಂತು. 1990ರ ದಶಕದಲ್ಲಿ ನಮ್ಮ ಟಿ.ವಿ. ಜಾಹೀರಾತುಗಳಲ್ಲೂ ಆ ಪದ ಕೇಳಿಬಂತು. ಕೊಂಡವರಲ್ಲಿ ಎಷ್ಟು ಮಂದಿಗೆ ಅದರ ಅರ್ಥ ಗೊತ್ತಿತ್ತೋ, ಬಟ್ಟೆಯಂತೂ ಒಗೆಯುತ್ತಿತ್ತು.

ಜಾದೆಯವರು 1990ರ ದಶಕದ ಮೊದಲಲ್ಲಿ ಫಜ್ಜಿಯ ಜೊತೆ ನ್ಯೂರಲ್ ನೆಟ್‌ವರ್ಕ್ ಮತ್ತು ವಿಕಾಸವಾದಿ ಲೆಕ್ಕಾಚಾರಗಳನ್ನು ಸೇರಿಸಿ ಒಟ್ಟಿಗೆ ಸಾಫ್ಟ್ ಕಂಪ್ಯೂಟಿಂಗ್ ಎಂದು ಕರೆದರು. ಸೇರಿಸಿದ್ದಕ್ಕೆ ಕಾರಣ ಇಷ್ಟೇ: ಮೂರೂ ನಿಖರತೆಯನ್ನು ತುಸು ಬಿಟ್ಟುಕೊಟ್ಟು, ಕೈಗೆಟಕುವ ಖರ್ಚಿನಲ್ಲಿ ಬಳಸಬಹುದಾದ ಉತ್ತರ ಕೊಡುತ್ತವೆ. ಒಂದರ ಕುಂದನ್ನು ಇನ್ನೊಂದು ತುಂಬುತ್ತದೆ. ಫಜ್ಜಿ ನಿಯಮ ತನ್ನ ಕಾರಣ ಹೇಳಬಲ್ಲದು, ತಾನಾಗಿ ಕಲಿಯಲಾರದು. ನ್ಯೂರಲ್ ನೆಟ್‌ವರ್ಕ್ ಕಲಿಯಬಲ್ಲದು, ಕಾರಣ ಹೇಳಲಾರದು. ಬರ್ಕ್ಲಿಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ತೈವಾನಿನ ರೋಜರ್ ಜಾಂಗ್ ಇವೆರಡನ್ನೂ ಬೆಸೆದು ‘ಆನ್ಫಿಸ್’ ಎಂಬ ರಚನೆ ಮಾಡಿದರು. 1993ರಲ್ಲಿ ಪ್ರಕಟವಾದ ಅದರಲ್ಲಿ ನಿಯಮಗಳ ಇಳಿಜಾರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕು ಎಂಬುದನ್ನು ದತ್ತಾಂಶವೇ ತಿದ್ದುತ್ತದೆ.

ನ್ಯೂರಲ್ ನೆಟ್‌ವರ್ಕಿನ ಕಥೆ ಈಗ ಮನೆಮಾತು, ಹೆಚ್ಚು ಹೇಳಬೇಕಿಲ್ಲ. 1958ರ ಪರ್ಸೆಪ್ಟ್ರಾನ್ ಎಂಬ ಜಾಲ ಎಬ್ಬಿಸಿದ ಸದ್ದು, ಒಂದೇ ಪದರದ ಜಾಲಕ್ಕೆ ‘ಎಕ್ಸ್‌ಆರ್’ ಎಂಬ ಸರಳ ತರ್ಕವೂ ಬಾರದು ಎಂಬುದನ್ನು 1969ರಲ್ಲಿ ಮಿನ್ಸ್ಕಿ ಮತ್ತು ಪೇಪರ್ಟ್ ಎತ್ತಿ ತೋರಿಸಿದ್ದು, 1986ರಲ್ಲಿ ತಪ್ಪನ್ನು ಹಿಂದಕ್ಕೆ ಹಂಚುತ್ತ ಪದರಪದರವಾಗಿ ಕಲಿಸುವ ವಿಧಾನಕ್ಕೆ ಹೆಸರು ಬಂದದ್ದು, 2024ರಲ್ಲಿ ಹಾಪ್‌ಫೀಲ್ಡ್ ಮತ್ತು ಹಿಂಟನ್ನರಿಗೆ ಭೌತವಿಜ್ಞಾನದ ನೊಬೆಲ್ ಸಂದದ್ದು, ಎಲ್ಲವೂ ಪಠ್ಯದಲ್ಲಿವೆ. ಕನ್ನಡದ ವಿದ್ಯಾರ್ಥಿಗೆ ಲ್ಯಾಬಿನಲ್ಲಿ ಹತ್ತಿರದ ಉದಾಹರಣೆಯೂ ಒಂದಿದೆ. 2019ರಲ್ಲಿ ವಿನಯ್ ಉದಯ್ ಪ್ರಭು ಕೈಬರಹದ ಕನ್ನಡ ಅಂಕಿಗಳನ್ನು ಬೆಂಗಳೂರಿನ ಸ್ವಯಂಸೇವಕರಿಂದ ಬರೆಯಿಸಿ ‘ಕನ್ನಡ-ಎಮ್‌ನಿಸ್ಟ್’ ಎಂಬ ಸಂಗ್ರಹ ಮಾಡಿದರು. ಕಲಿಸಲು 60 ಸಾವಿರ ಚಿತ್ರ, ಪರೀಕ್ಷಿಸಲು 10 ಸಾವಿರ. ಅವಸರದ ಕೈಯಲ್ಲಿ ೩ ಮತ್ತು ೭ ಒಂದನ್ನೊಂದು ಹೋಲುತ್ತವೆ. ಜಾಲ ಎಲ್ಲಿ ಎಡವಿತು ಎಂದು ಕಣ್ಣಾರೆ ನೋಡಲು, ಎಲ್ಲರೂ ಸಾವಿರ ಸಲ ತಿಕ್ಕಿದ ಇಂಗ್ಲಿಷ್ ಅಂಕಿಗಳಿಗಿಂತ ಇದು ಎಷ್ಟೋ ಮೇಲು.

ಇನ್ನು ಮೂರನೆಯದು, ಜೆನೆಟಿಕ್ ಆಲ್ಗಾರಿದಮ್. ಉತ್ತರವೇ ಗೊತ್ತಿಲ್ಲದ ಸಮಸ್ಯೆಗೆ ನೂರಾರು ಅಡ್ಡಾದಿಡ್ಡಿ ಉತ್ತರಗಳನ್ನು ಹುಟ್ಟಿಸಿ, ಚೆನ್ನಾಗಿರುವವನ್ನು ಉಳಿಸಿ, ಅವುಗಳ ತುಂಡುಗಳನ್ನು ಬೆರೆಸಿ (ಇದಕ್ಕೆ ಕ್ರಾಸ್‌ಓವರ್ ಎಂದು ಹೆಸರು), ಅಲ್ಲಲ್ಲಿ ಕುರುಡಾಗಿ ಬದಲಿಸಿ, ಮತ್ತೆ ಆರಿಸುವುದು ಇದರ ಕ್ರಮ. ಮಿಷಿಗನ್ ವಿಶ್ವವಿದ್ಯಾಲಯದ ಜಾನ್ ಹಾಲೆಂಡ್ 1975ರಲ್ಲಿ ಇದರ ಬಗ್ಗೆ ಪುಸ್ತಕ ಬರೆದರು. ಅದನ್ನು ಕಾರ್ಖಾನೆಗಳವರೆಗೆ ಒಯ್ದ ಡೇವಿಡ್ ಗೋಲ್ಡ್‌ಬರ್ಗ್ ಹಾಲೆಂಡರ ಶಿಷ್ಯ, ಸಿವಿಲ್ ಎಂಜಿನಿಯರ್. ಅನಿಲ ಸಾಗಿಸುವ ಕೊಳವೆ ಮಾರ್ಗಗಳ ನಿಯಂತ್ರಣ ಅವರ ಪಿಎಚ್‌.ಡಿ. ವಿಷಯವಾಗಿತ್ತು. 2006ರ ಮಾರ್ಚಿನಲ್ಲಿ ನಾಸಾದ ಎಸ್‌ಟಿ-5 ಯೋಜನೆಯ ಪುಟ್ಟ ಉಪಗ್ರಹಗಳು ಹೊತ್ತೊಯ್ದ ಒಂದು ಆಂಟೆನಾವನ್ನು ರೂಪಿಸಿದ್ದು ಇಂಥದೇ ಪ್ರೋಗ್ರಾಂ. ಯಾರೋ ಬೇಸರಕ್ಕೆ ತಿರುಚಿ ಎಸೆದ ಪೇಪರ್ ಕ್ಲಿಪ್ಪಿನಂತಿತ್ತು ಅದು. ಯಾವ ಎಂಜಿನಿಯರೂ ಕಾಗದದ ಮೇಲೆ ಆ ಆಕಾರ ಬರೆಯುತ್ತಿರಲಿಲ್ಲ, ಆದರೆ ಬೇಕಾದ ದಿಕ್ಕಿಗೆ ಬೇಕಾದಷ್ಟು ಸಂಕೇತ ಕಳಿಸುತ್ತಿತ್ತು.

ಭಾರತದ ಪಾಲು ಇಲ್ಲಿ ದೊಡ್ಡದು. ಸೇತುವೆ ಅಗ್ಗವಾಗಿಯೂ ಇರಬೇಕು, ಗಟ್ಟಿಯಾಗಿಯೂ ಇರಬೇಕು ಎಂದರೆ ಒಂದೇ ಉತ್ತರವಿರುವುದಿಲ್ಲ. ಇಷ್ಟು ಖರ್ಚಿಗೆ ಇಷ್ಟು ಬಲ ಎಂಬ ಉತ್ತರಗಳ ಸಾಲೇ ಇರುತ್ತದೆ. ಆ ಸಾಲನ್ನು ಒಂದೇ ಓಟದಲ್ಲಿ ಹುಡುಕಿಕೊಡುವ ವಿಧಾನವನ್ನು ಐಐಟಿ ಕಾನ್ಪುರದಲ್ಲಿ ಕಲ್ಯಾಣಮಯ್ ದೇಬ್ ಮತ್ತು ಎನ್. ಶ್ರೀನಿವಾಸ್ 1994ರಲ್ಲಿ ಪ್ರಕಟಿಸಿದರು. ದೇಬ್ ಮತ್ತು ಅವರ ಸಂಗಡಿಗರು ಸುಧಾರಿಸಿದ ಎರಡನೆಯ ಆವೃತ್ತಿ, ಎನ್‌ಎಸ್‌ಜಿಎ-2, 2002ರಲ್ಲಿ ಬಂತು. ಈ ಕ್ಷೇತ್ರದಲ್ಲಿ ಅದರಷ್ಟು ಬಳಕೆಯಾಗುವ, ಉಲ್ಲೇಖಗೊಳ್ಳುವ ಪ್ರಬಂಧಗಳು ಬೆರಳೆಣಿಕೆಯವು. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಶಂಕರ್ ಕೆ. ಪಾಲ್ ಫಜ್ಜಿ ಗಣಿತವನ್ನು ಚಿತ್ರ ಗುರುತಿಸುವ ಕೆಲಸಕ್ಕೆ ಹಚ್ಚಿ ಒಂದು ಪರಂಪರೆಯನ್ನೇ ಕಟ್ಟಿದರು.

ಹಾಗಾದರೆ ತೊಡಕೆಲ್ಲಿ? ತರಗತಿಯಲ್ಲಿ ಜೆನೆಟಿಕ್ ಆಲ್ಗಾರಿದಮ್ಮಿನ ಅಗತ್ಯವನ್ನು ಮನವರಿಕೆ ಮಾಡಲು ಸಾಮಾನ್ಯವಾಗಿ ಕೊಡುವ ಉದಾಹರಣೆಯಲ್ಲೇ ಅದು ಕಾಣುತ್ತದೆ. ಕರ್ನಾಟಕದ 31 ಜಿಲ್ಲಾ ಕೇಂದ್ರಗಳನ್ನು ಒಂದೊಂದೇ ಸಲ ಮುಟ್ಟಿ ಹೊರಟಲ್ಲಿಗೆ ಮರಳಬೇಕು, ಅತಿ ಹತ್ತಿರದ ದಾರಿ ಯಾವುದು? ಸಾಧ್ಯವಿರುವ ದಾರಿಗಳ ಸಂಖ್ಯೆ 1ರ ಮುಂದೆ 32 ಸೊನ್ನೆ ಬರೆದರೂ ಮುಗಿಯದಷ್ಟು. ಸೆಕೆಂಡಿಗೆ ನೂರು ಕೋಟಿ ದಾರಿ ಅಳೆದರೂ ವಿಶ್ವದ ಈಗಿನ ವಯಸ್ಸಿನ ಸುಮಾರು ಮೂರು ಲಕ್ಷ ಪಟ್ಟು ಕಾಲ ಬೇಕು. ಆದ್ದರಿಂದ ನಿಖರ ಉತ್ತರ ಅಸಾಧ್ಯ, ಹೆಚ್ಚುಕಡಿಮೆಯ ಉತ್ತರವೇ ಗತಿ ಎಂದು ಪಾಠ ಮುಗಿಯುತ್ತದೆ.

ಲೆಕ್ಕ ಸರಿ, ತೀರ್ಮಾನ ತಪ್ಪು. ಎಲ್ಲ ದಾರಿಗಳನ್ನೂ ಅಳೆಯದೆಯೇ ನಿಖರ ಉತ್ತರ ಕಂಡುಹಿಡಿಯುವ ಗಣಿತ ಹಳೆಯದು. 1954ರಲ್ಲೇ ಡಾಂಟ್ಸಿಗ್, ಫುಲ್ಕರ್ಸನ್, ಜಾನ್ಸನ್ ಎಂಬ ಮೂವರು ಅಮೆರಿಕದ 49 ನಗರಗಳಿಗೆ ಅತಿ ಹತ್ತಿರದ ದಾರಿಯನ್ನು ಕೈಲೆಕ್ಕದಲ್ಲೇ ಸಾಧಿಸಿ ತೋರಿಸಿದರು. 2006ರಲ್ಲಿ 85,900 ಬಿಂದುಗಳ ಸಮಸ್ಯೆಗೂ ನಿಖರ ಉತ್ತರ ಸಿಕ್ಕಿತು. ಆ ಬಗೆಯ ಸಾಫ್ಟ್‌ವೇರಿಗೆ ನಮ್ಮ 31 ಜಿಲ್ಲೆ ಕಣ್ಣು ಮಿಟುಕಿಸುವಷ್ಟರ ಕೆಲಸ. ಇದನ್ನು ಹೇಳದೆ ಬಿಟ್ಟರೆ ವಿದ್ಯಾರ್ಥಿ ತನ್ನ ಉಪಕರಣವನ್ನು ಎಲ್ಲಿ ಬಳಸಬೇಕೆಂದು ಕಲಿಯುತ್ತಾನೆ, ಎಲ್ಲಿ ಬಳಸಬಾರದೆಂದು ಕಲಿಯುವುದಿಲ್ಲ. ಬಿ.ಇ. ಮುಗಿಸಿ ಇನ್ನೂ ಎರಡು ವರ್ಷ ಓದುವುದು ಈ ಎರಡನೆಯದಕ್ಕಾಗಿ. ಆಂಟೆನಾದ ಆಕಾರಕ್ಕೆ ಅಂಥ ಒಳ್ಳೆಯ ಗಣಿತ ಕೈಯಲ್ಲಿರಲಿಲ್ಲ, ಹಾಗಾಗಿ ಅಲ್ಲಿ ಕುರುಡು ಹುಡುಕಾಟಕ್ಕೆ ಅರ್ಥವಿತ್ತು. ಎಲ್ಲ ಸಮಸ್ಯೆಗಳನ್ನೂ ಒಟ್ಟಿಗೆ ತೂಗಿದರೆ ಯಾವ ಹುಡುಕಾಟದ ವಿಧಾನವೂ ಇನ್ನೊಂದಕ್ಕಿಂತ ಮೇಲಲ್ಲ ಎಂದು ವೋಲ್ಪರ್ಟ್ ಮತ್ತು ಮ್ಯಾಕ್‌ರೆಡಿ 1997ರಲ್ಲಿ ಪ್ರಮೇಯವಾಗಿಯೇ ಸಾಧಿಸಿದ್ದಾರೆ.

ಈ ಪ್ರಮೇಯವನ್ನು ಮರೆತವರಿಂದ ಒಂದು ಮೃಗಾಲಯವೇ ಹುಟ್ಟಿದೆ. 1992ರಲ್ಲಿ ಮಿಲಾನಿನ ಮಾರ್ಕೋ ಡೊರಿಗೊ ಇರುವೆಗಳ ಸಾಲಿನಿಂದ ಸ್ಫೂರ್ತಿ ಪಡೆದು ಪಿಎಚ್‌.ಡಿ. ಬರೆದರು, ಅದು ಹೊಸದಾಗಿತ್ತು, ಉಪಯೋಗಕ್ಕೂ ಬಂತು. ಅದರ ಬೆನ್ನಿಗೆ ಮಿಂಚುಹುಳ, ಕೋಗಿಲೆ, ಬಾವಲಿ, ತೋಳ, ತಿಮಿಂಗಿಲಗಳ ಹೆಸರಿನ ಆಲ್ಗಾರಿದಮ್‌ಗಳ ದಂಡು ಬಂತು. ಹೆಸರನ್ನು ಕಿತ್ತು ಸೂತ್ರವನ್ನಷ್ಟೇ ನೋಡಿದರೆ ಇವುಗಳಲ್ಲಿ ಬಹುಪಾಲು ಹಳೆಯ ವಿಧಾನಗಳೇ. ಕೆನ್ನೆತ್ ಸೋರೆನ್ಸನ್ 2015ರಲ್ಲಿ ಇದನ್ನು ನೇರವಾಗಿ ಟೀಕಿಸಿದರು. ಬಳಿಕ ತೋಳ, ಮಿಂಚುಹುಳ, ಬಾವಲಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ ಹೊಸತೇನೂ ಇಲ್ಲವೆಂದು ಬರೆದವರಲ್ಲಿ ಇರುವೆಯ ಡೊರಿಗೊ ಅವರೇ ಒಬ್ಬರು! ಆದರೂ ನಮ್ಮ ಎಂ.ಟೆಕ್. ಪ್ರಾಜೆಕ್ಟುಗಳಲ್ಲಿ ತೋಳದ ಓಟ ನಿಂತಿಲ್ಲ. ಹೊಸ ಪ್ರಾಣಿ ಹಿಡಿದರೆ ಪ್ರಬಂಧ ಸುಲಭ, ಹೊಸ ಸಮಸ್ಯೆ ಹಿಡಿದರೆ ಬೆವರು.

ಅಸ್ಸಿಲಿಯನ್ ಎದುರಿಗೆ ಉಗಿಯಂತ್ರವಿತ್ತು, ಗೋಲ್ಡ್‌ಬರ್ಗ್ ಎದುರಿಗೆ ಅನಿಲದ ಕೊಳವೆ. ಮೊದಲು ಸಮಸ್ಯೆ ಬಂತು, ವಿಧಾನ ಆಮೇಲೆ. ನಮ್ಮ ಸಿಲಬಸ್ಸು ಇದನ್ನು ತಲೆಕೆಳಗಾಗಿಸಿದೆ: ಮಾಡ್ಯೂಲಿಗೊಂದು ವಿಧಾನ, ಕೊನೆಯಲ್ಲಿ ಅದಕ್ಕೊಂದು ಸಮಸ್ಯೆ ಹುಡುಕು. ಪರೀಕ್ಷೆಯಲ್ಲಿ ನಾಲ್ಕು ಅಂಕಿಗಳ ಮೇಲೆ ಕ್ರಾಸ್‌ಓವರ್ ಮಾಡಿ ತೋರಿಸು ಎಂಬ ಪ್ರಶ್ನೆ ಬರುತ್ತದೆ, ಈ ಸಮಸ್ಯೆಗೆ ಜೆನೆಟಿಕ್ ಆಲ್ಗಾರಿದಮ್ ಬೇಕೇ ಎಂಬ ಪ್ರಶ್ನೆ ಬರುವುದಿಲ್ಲ.

ಬದಲಾವಣೆಗೆ ವಿಶ್ವವಿದ್ಯಾಲಯದ ಸುತ್ತೋಲೆಗಾಗಿ ಕಾಯಬೇಕಿಲ್ಲ. ಗೈಡ್‌ಗಳು ಮನಸ್ಸು ಮಾಡಿದರೆ ಸಾಕು. ಪ್ರಾಜೆಕ್ಟ್ ವರದಿಯಲ್ಲಿ ಎರಡು ಕೋಷ್ಟಕಗಳನ್ನು ಕಡ್ಡಾಯವಾಗಿ ಕೇಳಿ. ಒಂದು, ಅತಿ ಸರಳ ವಿಧಾನದಿಂದ ಬಂದ ಉತ್ತರ ಎಷ್ಟು ಎಂಬುದು. ಇನ್ನೊಂದು, ಅದೇ ಪ್ರೋಗ್ರಾಂ ಅನ್ನು ಮೂವತ್ತು ಸಲ ಓಡಿಸಿದಾಗ ಬಂದ ಸರಾಸರಿ ಮತ್ತು ಏರಿಳಿತ. ಅದೃಷ್ಟದ ಒಂದು ಓಟದ ಅಂಕಿ ಬೇಡ. ಕಲಿಯುವವರಿಗೆ ಸಾಮಗ್ರಿಯ ಕೊರತೆಯಂತೂ ಇಲ್ಲ. ಐಐಟಿ ಖರಗ್‌ಪುರದ ದೇಬಶಿಶ್ ಸಾಮಂತ ಅವರ ಸಾಫ್ಟ್ ಕಂಪ್ಯೂಟಿಂಗ್ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಎನ್‌ಎಸ್‌ಜಿಎ-2 ಓಡಿಸಲು ‘ಪೈಮೂ’, ಫಜ್ಜಿ ನಿಯಮ ಬರೆಯಲು ‘ಸೈಕಿಟ್-ಫಜ್ಜಿ’ ಎಂಬ ಪೈಥಾನ್ ಲೈಬ್ರರಿಗಳಿವೆ, ಎರಡಕ್ಕೂ ಕಾಸು ಕೊಡಬೇಕಿಲ್ಲ. ಕನ್ನಡ-ಎಮ್‌ನಿಸ್ಟಿನ ಅಂಕಿಗಳೂ ಅಂತರ್ಜಾಲದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದಂತೆ ಇವೆ.