ಹಳೆಯ ವಿಮಾನದ ಚಿತ್ರ: ಯಾವುದು, ಯಾವ ಇಸವಿಯದು?

ವಿಮಾನಯುಗದ ಮೊದಲ ವರ್ಷಗಳ ಎಷ್ಟೋ ಫೋಟೋಗಳು ಹೆಸರು, ತಾರೀಖು ಯಾವುದೂ ಇಲ್ಲದೆ ಉಳಿದಿವೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಇಸವಿ ಇದ್ದರೂ ಅದನ್ನು ಯಾರೋ ಎಷ್ಟೋ ಕಾಲದ ಮೇಲೆ ನೆನಪಿನಿಂದ ಬರೆದಿರಬಹುದು. ಆದ್ದರಿಂದ ಚಿತ್ರದ ಕಾಲ ಗೊತ್ತುಮಾಡುವವರು ಮೊದಲು ನೋಡುವುದು ಅದರಲ್ಲಿರುವ ಯಂತ್ರವನ್ನು. ಆಗ ವಿಮಾನದ ರೂಪ ವರ್ಷವರ್ಷವೂ, ಒಮ್ಮೊಮ್ಮೆ ಒಂದೆರಡು ತಿಂಗಳಲ್ಲೇ ಬದಲಾಗುತ್ತಿತ್ತು.

ಅಮೆರಿಕದ ರೈಟ್ ಸಹೋದರರ ಯಂತ್ರಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 1901ರ ಅವರ ಗ್ಲೈಡರಿಗೆ ಬಾಲವೇ ಇರಲಿಲ್ಲ. 1902ರ ಗ್ಲೈಡರಿನ ಬಾಲದಲ್ಲಿ ಮೊದಲು ಅಲುಗಾಡದ ಎರಡು ಲಂಬ ಪಟಲಗಳಿದ್ದವು. ಅದೇ ಶರತ್ಕಾಲದಲ್ಲಿ ಅವನ್ನು ತೆಗೆದು, ತಿರುಗಿಸಬಹುದಾದ ಒಂದೇ ಚುಕ್ಕಾಣಿ ಕೂರಿಸಿದರು. ಹೀಗಾಗಿ 1902ರ ಗ್ಲೈಡರಿನ ಚಿತ್ರವಾದರೆ, ಅದು ಬದಲಾವಣೆಗೆ ಮುಂಚಿನದೋ ನಂತರದ್ದೋ ಎಂದು ಬಾಲ ನೋಡಿಯೇ ಹೇಳಬಹುದು. ಭಾರ ಬೀಳಿಸಿ ವಿಮಾನವನ್ನು ಹಳಿಯ ಮೇಲೆ ಎಳೆಯುವ ಮರದ ಗೋಪುರ ಹಿನ್ನೆಲೆಯಲ್ಲಿದ್ದರೆ ಆ ಚಿತ್ರ 1904ರ ಸೆಪ್ಟೆಂಬರಿಗಿಂತ ಹಿಂದಿನದಾಗಲಾರದು. ಚಾಲಕ ಹೊಟ್ಟೆಯ ಮೇಲೆ ಮಲಗಿದ್ದರೆ 1905ರವರೆಗಿನ ಕಾಲ. ಎದ್ದು ಕೂತಿದ್ದರೆ 1908 ಅಥವಾ ಆಮೇಲೆ. ವಿಮಾನವನ್ನು ಏರಿಸಿ ಇಳಿಸುವ ಎಲಿವೇಟರ್ ಮೂತಿಯಿಂದ ಬಾಲಕ್ಕೆ ಹೋಗಿ, ಕೆಳಗೆ ಚಕ್ರಗಳು ಬಂದಿದ್ದರೆ ಅದು 1910ರ 'ಮಾಡೆಲ್ ಬಿ' ಅಥವಾ ಆಮೇಲಿನ ಮಾದರಿ.

ಇಂಥ ಗುರುತುಗಳು ಸಾಮಾನ್ಯವಾಗಿ ಹೇಳುವುದು 'ಇದಕ್ಕಿಂತ ಮೊದಲಿನದಲ್ಲ' ಎಂದಷ್ಟೇ, ಏಕೆಂದರೆ ಹಳೆಯ ವಿಮಾನವನ್ನು ಮುಂದೆಯೂ ಹಾರಿಸುತ್ತಿರಬಹುದು. 'ಇದಕ್ಕಿಂತ ಈಚಿನದಲ್ಲ' ಎನ್ನಲು ಯಂತ್ರದ ಕೊನೆ ಗೊತ್ತಿರಬೇಕು. 1903ರ ರೈಟ್ ವಿಮಾನದ ಕೊನೆ ಚೆನ್ನಾಗಿ ಗೊತ್ತಿದೆ: ಆ ವರ್ಷದ ಡಿಸೆಂಬರ್ 17ರಂದು ನಾಲ್ಕು ಸಲ ಹಾರಿದ ಮೇಲೆ ಗಾಳಿ ಅದನ್ನು ಉರುಳಿಸಿ ಮುರಿಯಿತು, ಮತ್ತೆ ಅದು ಹಾರಲೇ ಇಲ್ಲ. ಜಾನ್ ಡೇನಿಯಲ್ಸ್ ಗಾಜಿನ ಪ್ಲೇಟಿನ ಮೇಲೆ ತೆಗೆದ ಪ್ರಸಿದ್ಧ ಚಿತ್ರ ಅಂದಿನ ಮೊದಲ ಹಾರಾಟದ್ದು. 12 ಸೆಕೆಂಡುಗಳಲ್ಲಿ ವಿಮಾನ 120 ಅಡಿ ಸಾಗಿತು.

ಗಾಜಿನ ನೆಗೆಟಿವನ್ನು ಮಗುಚಿಟ್ಟು ಮುದ್ರಿಸಿದರೆ ಎಡಬಲ ಅದಲುಬದಲಾಗುತ್ತದೆ. ಇದನ್ನು ಮೊದಲೇ ನೋಡಿಕೊಳ್ಳಬೇಕು. 1903ರ ವಿಮಾನದಲ್ಲಿ ಎಂಜಿನ್ ನಡುವಿನಿಂದ ಬಲಕ್ಕೆ, ಚಾಲಕ ಎಡಕ್ಕೆ. ಎಂಜಿನ್ ಚಾಲಕನಿಗಿಂತ ಭಾರವಾದ್ದರಿಂದ ಬಲ ರೆಕ್ಕೆಯನ್ನು ನಾಲ್ಕು ಅಂಗುಲ ಉದ್ದ ಮಾಡಿದ್ದರು. ಎಂಜಿನ್ ಚಾಲಕನ ಎಡಕ್ಕೆ ಕಂಡರೆ ಮುದ್ರಣ ತಿರುಗುಮುರುಗಾಗಿದೆ ಎಂದರ್ಥ.

ಚಿತ್ರವೇ ಮಸುಕಾಗಿದ್ದಾಗ ನಿಜವಾದ ಕಷ್ಟ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಗುಸ್ಟಾವ್ ವೈಟ್‌ಹೆಡ್ 1901ರಲ್ಲೇ ಕನೆಕ್ಟಿಕಟ್‌ನ ಬ್ರಿಡ್ಜ್‌ಪೋರ್ಟ್ ಬಳಿ ಎಂಜಿನ್ ವಿಮಾನ ಹಾರಿಸಿದರೆಂದು ಅಲ್ಲಿನ ಪತ್ರಿಕೆ ಬರೆದಿತ್ತು. ಹಾರಾಟದ ಚಿತ್ರ ಮಾತ್ರ ಸಿಕ್ಕಿರಲಿಲ್ಲ. 1906ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪ್ರದರ್ಶನವೊಂದರ ಫೋಟೋದಲ್ಲಿ, ದೂರದ ಗೋಡೆಗೆ ನೇತುಹಾಕಿದ್ದ ಪುಟ್ಟ ಚಿತ್ರ ಅದೇ ಎಂದು 2013ರಲ್ಲಿ ವಾದ ಹುಟ್ಟಿತು. ಅದನ್ನು ಹಲವು ಪಟ್ಟು ದೊಡ್ಡದು ಮಾಡಿ ಮಸುಕಿನೊಳಗೆ ರೆಕ್ಕೆ, ಒಡಲುಗಳನ್ನು ಗುರುತಿಸಲಾಯಿತು. ಆದರೆ ಪ್ಲೇಟಿನ ಮೇಲೆ ಮೂಡಿರದ ವಿವರ ಎಷ್ಟು ಹಿಗ್ಗಿಸಿದರೂ ಬರುವುದಿಲ್ಲ. ಅಲ್ಲಿ ಕಣ್ಣು ತಾನು ಬಯಸಿದ್ದನ್ನೇ ಕಾಣುತ್ತದೆ.

ಇತಿಹಾಸಕಾರ ಕ್ಯಾರಲ್ ಗ್ರೇ ಬೇರೆ ದಾರಿ ಹಿಡಿದರು. ಗೋಡೆಯ ಮೇಲಿದ್ದ ಆ ಚಿತ್ರದ ಸ್ಪಷ್ಟ ಪ್ರತಿಯನ್ನೇ ಹುಡುಕಿ ತೆಗೆದು ಎರಡನ್ನೂ ಹೋಲಿಸಿದರು. ಅದರಲ್ಲಿದ್ದದ್ದು ಜಾನ್ ಮಾಂಟ್‌ಗೊಮರಿಯವರ 'ದಿ ಕ್ಯಾಲಿಫೋರ್ನಿಯಾ' ಎಂಬ ಗ್ಲೈಡರ್: ಎಂಜಿನ್ ಇಲ್ಲದ, ಒಂದರ ಹಿಂದೊಂದು ರೆಕ್ಕೆಯಿದ್ದ ಯಂತ್ರ. 1905ರಲ್ಲಿ ಕ್ಯಾಲಿಫೋರ್ನಿಯಾದ ಮನರಂಜನಾ ಉದ್ಯಾನವೊಂದರಲ್ಲಿ ಅದನ್ನು ಮರಗಳ ನಡುವೆ ತೂಗುಹಾಕಿ ಚಿತ್ರ ತೆಗೆದಿದ್ದರು.

ಇಷ್ಟರೊಳಗೆ 'ಜೇನ್ಸ್ ಆಲ್ ದ ವರ್ಲ್ಡ್ಸ್ ಏರ್‌ಕ್ರಾಫ್ಟ್' ಎಂಬ ಹೆಸರಾಂತ ವಾರ್ಷಿಕದ 2013ರ ಮುನ್ನುಡಿ ವೈಟ್‌ಹೆಡ್ಡರೇ ಎಂಜಿನ್ ವಿಮಾನ ಹಾರಿಸಿದ ಮೊದಲಿಗರೆಂದು ಸಾರಿಬಿಟ್ಟಿತ್ತು. ಅದು ಸಂಪಾದಕರ ಸ್ವಂತ ಅಭಿಪ್ರಾಯವೆಂದು ಪ್ರಕಾಶಕರು 2015ರಲ್ಲಿ ಸ್ಪಷ್ಟಪಡಿಸಿದರು.