ಕೆರೆಗೆ ನೀರು ಬಂತು, ಕಾಲುವೆ ಎಲ್ಲಿ ಹೋಯ್ತು?

ಕೋಲಾರ: ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಗಿಲ್ಲ. ಪಾಲಾರ್ ಹೆಸರಿಗೆ ಹಾಲಿನ ಹೊಳೆ, ಬೇಸಿಗೆಯಲ್ಲಿ ನೋಡಿದರೆ ಬರೀ ಮರಳು. ಅದಕ್ಕೇ ಹಿರಿಯರು ಸಾಲುಸಾಲಾಗಿ ಕೆರೆ ಕಟ್ಟಿದರು. ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ತೂಬಿಗೆ ನೀರುಗಂಟಿ ಕಾವಲು. ಹೂಳು ಹೊಲಕ್ಕೆ ಗೊಬ್ಬರ. ಇದಕ್ಕಿಂತ ದೊಡ್ಡ ಯೋಜನೆ ಯಾವುದು ಸ್ವಾಮಿ? ಕಡತ ಇರಲಿಲ್ಲ, ಅಷ್ಟೇ.

ನೀಲಗಿರಿ ಪಾಠ

ಕಡತದ ಯೋಜನೆಯೂ ಬಂತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು. ಉಳೋದು ಬೇಡ, ಕಾಯೋದು ಬೇಡ, ಕಡಿದರೆ ದುಡ್ಡು. ಆದರೆ ಬಡವನ ಕೂಲಿ ಹೋಯಿತು, ದನದ ಹುಲ್ಲೂ ಹೋಯಿತು. ಕೊನೆಗೆ 2017ರಲ್ಲಿ ಸರಕಾರವೇ ಹೊಸದಾಗಿ ನೀಲಗಿರಿ ನೆಡಬೇಡಿ ಅಂದಿತು. ಅಷ್ಟರಲ್ಲಿ ಕೊಳವೆಬಾವಿ 1,000 ಅಡಿ ದಾಟಿತ್ತು. ಸಿಕ್ಕ ನೀರಿನಲ್ಲೂ ಎಷ್ಟೋ ಊರುಗಳಲ್ಲಿ ಫ್ಲೋರೈಡ್.

ಬೆಂಗಳೂರಿನ ನೀರು

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧಮಾಡಿ 126 ಕೆರೆ ತುಂಬಿಸುವ ಲೆಕ್ಕ. ಮರುತಿಂಗಳೇ ನೊರೆ ಎದ್ದಿತು, ವಿಷಯ ಹೈಕೋರ್ಟಿಗೂ ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ನೀರು ಬಂದ ಕೆರೆಗಳ ಸುತ್ತ ಬತ್ತಿದ ಬಾವಿಗಳಿಗೆ ಜೀವ ಬಂದದ್ದು ನಿಜ. ಮೂರನೇ ಹಂತದ ಶುದ್ಧೀಕರಣವೂ ಬೇಕು ಅನ್ನುವ ರೈತರ ಕೂಗೂ ನ್ಯಾಯವೇ. ಈ ನೀರು ನೆಲಕ್ಕಿಳಿದು ನಾಳೆ ಬಿಂದಿಗೆಗೆ ಬರುವಂಥದ್ದು.

ಇಷ್ಟರ ಮಧ್ಯೆ ಎಲ್ಲರೂ ಮರೆತದ್ದು ರಾಜಕಾಲುವೆಯನ್ನ. ಒತ್ತುವರಿಯಾಗಿ, ಹೂಳು ತುಂಬಿ ಕಾಲುವೆ ಮುಚ್ಚಿಹೋದರೆ ಮಳೆ ಸುರಿದರೂ ಕೆರೆ ಮುಟ್ಟೋದಿಲ್ಲ. ಬೆಂಗಳೂರಿನ ಕೊಳವೆಯನ್ನೇ ನಂಬಿ ಎಷ್ಟು ದಿನ ಕೂರೋದು?

ಸಭೆಗೆ ಯಾರು ಬರ್ತಾರೆ?

ಊರಿನ ಯೋಜನೆ ಊರಲ್ಲೇ ಆಗಬೇಕೆಂದು ನಜೀರ್ ಸಾಬರ ಮುತುವರ್ಜಿಯಲ್ಲಿ 1983ರ ಕಾನೂನು ಬಂತು. 1987ರಲ್ಲಿ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯ್ತಿಗೂ ಚುನಾವಣೆ ನಡೆಯಿತು. 1993ರ ಪಂಚಾಯತ್ ರಾಜ್ ಕಾನೂನಿನಲ್ಲೂ ಗ್ರಾಮಸಭೆಗೆ ಜಾಗವಿದೆ. ಆದರೆ ಸಭೆಯಲ್ಲಿ ಮನೆ, ಚರಂಡಿ, ಬೀದಿದೀಪದ ಮಾತು ಮುಗಿದರೆ ಜನ ಎದ್ದು ಹೋಗ್ತಾರೆ. ಕಾಲುವೆ ಅಳತೆ ಮಾಡಿಸಿ, ಒತ್ತುವರಿ ತೆರವಾಗಲಿ ಎಂದು ಕೇಳೋಕೆ ಎದುರುಮನೆಯವನ ಮುಲಾಜು.

ಇದು ಹಳ್ಳಿಯವರ ಪಾಡು, ನಮಗೇನು ಅಂತ ಪೇಟೆಯವರು ಕೈಕಟ್ಟಿ ಕೂರುವ ಹಾಗಿಲ್ಲ. ಟೊಮ್ಯಾಟೊ ಮಂಡಿ, ಹಾಲಿನ ಡೇರಿ, ರೇಷ್ಮೆಗೂಡು, ಮೂರೂ ನಿಂತಿರುವುದು ನೀರಿನ ಮೇಲೆ. ಹಳ್ಳಿ ಒಣಗಿದರೆ ಅಂಗಡಿ ಗಲ್ಲಾ ತುಂಬುತ್ತದೆಯೇ? ಹುಡುಗರೆಲ್ಲ ಬೆಳಗಿನ ಬಸ್ಸು ಹತ್ತಿ ಬೆಂಗಳೂರಿಗೆ ಹೋದರೆ ಊರಲ್ಲಿ ಉಳಿಯೋರು ಮುದುಕರು, ಬೀಗ.

ಮುಂದಿನ ಗ್ರಾಮಸಭೆಗೆ ಹೋಗುವವರು ಊರ ನಕ್ಷೆ ತರಿಸಿ, ಮೊದಲು ಒಂದೇ ಪ್ರಶ್ನೆ ಕೇಳಲಿ: ನಮ್ಮ ಕೆರೆಗೆ ನೀರು ಬರುವ ದಾರಿ ಯಾವುದು, ಅದರ ಮೇಲೆ ಈಗ ಕೂತಿರೋರು ಯಾರು?