ಹೊಲದಡಿಯ ರಣರಂಗಗಳು

ಯುದ್ಧಭೂಮಿ ನೋಡಲು ಪಾಣಿಪತ್ತಿಗೇ ಹೋಗಬೇಕಿಲ್ಲ. ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನಿಂದ ಬೆಳಿಗ್ಗೆ ಹೊರಟರೆ ಒಂದೇ ದಿನದಲ್ಲಿ ಮೂರನ್ನು ಸುತ್ತಬಹುದು. ಸವಣೂರಿಗೆ 1756ರಲ್ಲಿ ಮರಾಠರ ಪೇಶ್ವೆ ಮುತ್ತಿಗೆ ಹಾಕಿದ, 1786ರಲ್ಲಿ ಟಿಪ್ಪು ಅದನ್ನು ಹಿಡಿದ. ರಟ್ಟೀಹಳ್ಳಿಯಲ್ಲಿ 1764ರಲ್ಲಿ ಪೇಶ್ವೆ ಮಾಧವರಾಯ ಹೈದರಾಲಿಯನ್ನು ಸೋಲಿಸಿದ. ಹಾನಗಲ್ಲಿಗೆ 1196ರಲ್ಲೇ ಹೊಯ್ಸಳರ ಇಮ್ಮಡಿ ಬಲ್ಲಾಳ ಮುತ್ತಿಗೆ ಹಾಕಿದ್ದ.

ಅಲ್ಲೇನಿದೆ, ಬರೀ ಗೋವಿನಜೋಳದ ಹೊಲ ಎನ್ನುವವರ ಮಾತು ಅರ್ಧ ನಿಜ. ಆದರೆ ಹಾನಗಲ್ಲಿನ ತಾರಕೇಶ್ವರ ಗುಡಿಯ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿ: ಅಡಿಯಲ್ಲಿ ಕಾದಾಟ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗದ ಸನ್ನಿಧಿ. ಇಂಥ ಪ್ರವಾಸ ಯುದ್ಧವನ್ನು ಮೆರೆಸುತ್ತದೆ ಎಂಬ ಆಕ್ಷೇಪಕ್ಕೆ ಇದೇ ಉತ್ತರ. ಈ ಕಲ್ಲು ನಿಂತದ್ದು ಗೆದ್ದ ಅರಸನಿಗಲ್ಲ, ಮಡಿದವನಿಗೆ.